ಮಸಾರಿ ಹೊಲಕ್ಕೆ ಬಳಿದ ಹಸಿರು

ನಿಂಗನಗೌಡನ ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಊರಿನ ಯೋಜನೆಯ ನಕಾಶೆಯಲ್ಲಿ ಹಸಿರು ಬಣ್ಣ ಬಳಿದವಳು ನಾನು. ಹಳ್ಳದ ದಂಡೆಯ ಕಪ್ಪು ಎರೆಮಣ್ಣಿನ ತಗ್ಗಿಗೆ ಹಳದಿ ಬಳಿದವಳೂ ನಾನೇ. ಹಸಿರು ಎಂದರೆ ಮನೆ ಕಟ್ಟುವಂತಿಲ್ಲ. ಹಳದಿ ಎಂದರೆ ಕಟ್ಟಬಹುದು. ಕಣ್ತಪ್ಪಿನಿಂದ ಆದದ್ದಲ್ಲ — ತಿಳಿದೇ ಮಾಡಿದೆ.

ನಮ್ಮ ಅವ್ವನನ್ನು ಆ ಮಸಾರಿ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದೆವು. ಗೌಡನ ತಂದೆ ಬಾಯಿಮಾತಿನಲ್ಲಿ ಕೊಟ್ಟ ಜಾಗ. ಆ ಹಿರಿಯರು ತೀರಿಕೊಂಡ ವರ್ಷವೇ ಮಗ ಸಮಾಧಿಯ ಕಲ್ಲು ಕೀಳಿಸಿ ನೇಗಿಲು ಹೊಡೆಸಿದ. ನನ್ನ ಅಪ್ಪ ಕನ್ನಡ ಶಾಲೆಯ ಮಾಸ್ತರರು, ಯಾರೆದುರೂ ತಲೆ ತಗ್ಗಿಸಿದವರಲ್ಲ. ಅಂದು ಅವನ ಕಟ್ಟೆಯ ಮುಂದೆ ಕೈ ಮುಗಿದು ನಿಂತರು. ಗೌಡ ಎಲೆಅಡಿಕೆ ಮೆಲ್ಲುತ್ತ, "ಹೆಣಕ್ಕ ಬಾಡಗಿ ಕೊಡ್ತೀರೇನ್ರಿ ಮಾಸ್ತರ?" ಅಂದ. ಕಟ್ಟೆಯ ಮೇಲಿದ್ದವರು ನಕ್ಕರು. ಹತ್ತೊಂಬತ್ತು ವರ್ಷದ ನಾನು ಅಪ್ಪನ ಪಕ್ಕದಲ್ಲಿದ್ದೆ. ಆ ನಗು — ಅದನ್ನು ಇಂದಿಗೂ ಕ್ಷಮಿಸಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ, ನಮ್ಮೂರಿನ ಯೋಜನೆ ತಯಾರಿಸುವ ಕಚೇರಿಯಲ್ಲಿ ನನಗೆ ನಕಾಶೆ ಬರೆಯುವ ಕೆಲಸ ಸಿಕ್ಕಿತು. ಯರಗುಪ್ಪಿ, ಕುಬಿಹಾಳದ ಕಡೆಯಿಂದ ಜನ ಬಂದು ಊರು ಬೆಳೆಯುತ್ತಿತ್ತು. ಎಲ್ಲಿ ಮನೆ, ಎಲ್ಲಿ ಬಯಲು ಎಂದು ಗೊತ್ತುಮಾಡಬೇಕಿತ್ತು. ಮೊದಲ ಕರಡು ಸರಿಯಾಗಿಯೇ ಇತ್ತು: ಎತ್ತರದಲ್ಲಿದ್ದು ಬುನಾದಿ ಗಟ್ಟಿ ನಿಲ್ಲುವ ಮಸಾರಿಯಲ್ಲಿ ಮನೆಗಳು, ಮಳೆಗಾಲದಲ್ಲಿ ಹಳ್ಳದ ನೀರು ಹರಡಿ ಇಂಗುವ ತಗ್ಗು ಹಾಗೇ ಬಯಲು. ಊರ ಬಾವಿಗಳಿಗೆ ಆ ತಗ್ಗೇ ಜೀವ. ಆದರೆ ಹಾಗಾದರೆ ಗೌಡ ಇನ್ನಷ್ಟು ಸಿರಿವಂತನಾಗುತ್ತಿದ್ದ — ಅವ್ವನ ಮೇಲೆ ಪ್ಲಾಟು ಹಾಕಿ.

ಬಣ್ಣ ಅದಲುಬದಲು ಮಾಡಿದೆ. "ಫಲವತ್ತಾದ ಭೂಮಿ, ಉಳಿಸಬೇಕು" ಎಂದು ಟಿಪ್ಪಣಿಯನ್ನೂ ಬರೆದೆ. ಹೊಸದಾಗಿ ಬಂದಿದ್ದ ಸಾಹೇಬರು ನನ್ನನ್ನು ನಂಬಿ ಸಹಿ ಹಾಕಿದರು. ಸುದ್ದಿ ತಿಳಿದು ಗೌಡ ಬಂದು ನನ್ನ ಮೇಜಿನ ಮುಂದೆ ನಿಂತ.

"ನನ್ನ ಹೊಲಕ್ಕ ಯಾಕವ್ವಾ ಹಸರು ಬಂತು?"

"ಮ್ಯಾಲಿನವರ ನಿರ್ಣಯರಿ," ಅಂದೆ. ಕೂಡ್ರಿ ಎನ್ನಲಿಲ್ಲ. ಅಂಥ ಸುಖ ನನಗೆ ಮತ್ತೆಂದೂ ಸಿಕ್ಕಿಲ್ಲ — ಇದನ್ನೂ ಮುಚ್ಚಿಡಲಾರೆ.

ಕಚೇರಿಗೆ ಕುಡಿಯುವ ನೀರು ತರುತ್ತಿದ್ದ ಪಾರವ್ವ ಒಂದು ದಿನ ಕೇಳಿದಳು: "ತಗ್ಗಿನ್ಯಾಗ ಪ್ಲಾಟ್ ಅಗ್ಗ ಸಿಗತಾವಂತ. ಮನಿ ಕಟ್ಟಬಹುದೇನ್ರಿ ಅಕ್ಕಾರ?"

ಬೇಡ ಎಂದರೆ ಯಾಕೆ ಎನ್ನುತ್ತಿದ್ದಳು. ಕಾರಣ ಹೇಳಿದರೆ ಬಣ್ಣ ಬದಲಿಸಿದ್ದು ಬಯಲಾಗುತ್ತಿತ್ತು.

"ಕಟ್ರಿ, ನಕಾಶೆದಾಗ ಐತಿ," ಅಂದೆ.

ಅವಳು ಅಲ್ಲಿ ಮನೆ ಕಟ್ಟಿದ ಮೇಲಿನ ಎರಡನೆಯ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಹಳ್ಳ ತನ್ನ ಹಳೆಯ ಜಾಗಕ್ಕೆ ಬಂತು. ಗೋಡೆ ಕುಸಿದು, ಒಳಗೆ ಮಲಗಿದ್ದ ಪಾರವ್ವನ ಗಂಡ ಸತ್ತ. ಎತ್ತರದಲ್ಲಿ ಗೌಡನ ಶೇಂಗಾ ಸೊಂಪಾಗಿ ನಿಂತಿತ್ತು. ಆಗಲೂ ನನ್ನ ಮೊದಲ ಸಿಟ್ಟು ಅವನ ಮೇಲೆಯೇ, ನನ್ನ ಮೇಲಲ್ಲ.

ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ನಿನ್ನೆ ಪಾರವ್ವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು.

"ಗೌಡಗ ಏನಾತ್ರಿ?"

"ಏನೂ ಆಗಲಿಲ್ಲ."

"ಹಂಗಾರ ಅವನ ಮ್ಯಾಲಿನ ಸೇಡು ನನ್ನ ಮ್ಯಾಲ ತೀರಿಸಿಕೊಂಡಿ." ಮೊದಲ ಸಲ ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದಳು.

ಹೌದು ಅಂದೆ. ಅವಳು ಎದ್ದು ಒಳಗೆ ಹೋದಳು, ಮತ್ತೆ ಹೊರಬರಲಿಲ್ಲ. ನಾಳೆ ಕಚೇರಿಗೆ ಹೋಗಿ ಇದನ್ನೇ ನನ್ನ ಹೆಸರಿನಲ್ಲಿ ಬರೆದುಕೊಡುತ್ತೇನೆ. ಆ ತಗ್ಗಿನ ಮನೆಗಳಲ್ಲಿ ಇನ್ನೂ ಜನ ಮಲಗುತ್ತಾರೆ.