ತಡವಾಗಿ ಬಂದ ಉತ್ತರ

ಇದನ್ನು ಬರೆಯಲು ವರ್ಷಗಟ್ಟಲೆ ಮೈಗಳ್ಳತನ ಮಾಡಿದೆ. ಮೈಗಳ್ಳಿ ಎಂದು ನಾನು ಬೈದದ್ದು ಮಾತ್ರ ಆಕೆಯನ್ನು.

ಎಂಬತ್ತರ ದಶಕದ ಕೊನೆ. ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಮೇಲ್ವಿಚಾರಣೆ ನನ್ನದು. ಆಕೆ ಕಾಯಿ ಆರಿಸುವ ಹೆಂಗಸು. ಕೆಂಪಗಿನದು ಬಲಗಡೆಯ ಬುಟ್ಟಿಗೆ, ಬಿಳಿಚಿದ್ದು ಎಡಗಡೆಯದಕ್ಕೆ. ಹಿಂದೆ ಆಕೆಯ ಬೆರಳುಗಳು ಕಣ್ಣಿಗಿಂತ ಮುಂದೆ ಓಡುತ್ತಿದ್ದವು. ಆ ಬೇಸಿಗೆಯಲ್ಲಿ ಒಂದು ಕಾಯಿ ಹಿಡಿದು ಅದನ್ನೇ ನೋಡುತ್ತ ಕೂರತೊಡಗಿದಳು. ಏನು ಕೇಳಿದರೂ, “ತಡೀರಿ ಅಣ್ಣಾರ, ಬರಾಕತ್ತೈತಿ,” ಎನ್ನುವಳು.

ಆಕೆಯ ಗಂಡ ಬಂದು ನನಗೆ ಹೇಳಿದ್ದ: “ಹುಬ್ಬಳ್ಳಿ ಡಾಕ್ಟರ್ ನೋಡ್ಯಾರ್ರಿ. ರೋಗದ ಜೋಡಿ ಬಡದಾಡೋ ಮೈಯಾಗಿನ ಶಕ್ತಿನ ತಿರುಗಿಬಿದ್ದು ಮಿದುಳಿನ ನರಾ ತಿನ್ನಾಕತ್ತೈತಂತ. ತಿಳಿವಳಿಕಿ ಐತ್ರಿ, ಉತ್ತರ ತಡಾ ಆಗ್ತೈತಿ. ಸೆಕಿಗೆ ಮತ್ತಷ್ಟು ಹೆಚ್ಚು. ಒಂದೀಟು ತಡಕೋರಿ, ಕೆಲಸಾ ಬಿಡಿಸಬ್ಯಾಡ್ರಿ.”

ತಲೆಯಾಡಿಸಿದೆ. ನಂಬಲಿಲ್ಲ; ಮೈಗಳ್ಳಿಯ ನೆಪ ಎಂದುಕೊಂಡೆ.

ತಗಡಿನ ಮಾಡು ಕಾದಿದ್ದ ಒಂದು ಮಧ್ಯಾಹ್ನ, ಎಲ್ಲರೆದುರು ಬಿಳಿಚಿದ ಕಾಯಿಯೊಂದನ್ನು ಎತ್ತಿ ಹಿಡಿದೆ. “ಇದು ಯಾವ ಬುಟ್ಟಿಗೆ? ಲಗೂ ಹೇಳಿದ್ರ ಕೆಲಸ, ಇಲ್ಲಾಂದ್ರ ಮನಿ.”

“ತಡೀರಿ ಅಣ್ಣಾರ...”

“ಯಾಕ, ನಿನ್ನ ಬುದ್ಧಿ ಪ್ಯಾಸೆಂಜರ್ ಗಾಡಿಗೆ ಬರಾಕತ್ತೈತೇನು?”

ಹೆಂಗಸರು ನಕ್ಕರು. ಥೂ, ನಗಿಸಿದವನು ನಾನೇ. “ನಡಿ ಮನೀಗೆ,” ಎಂದೆ. ಆಕೆ ಗೋಡೆ ಹಿಡಿದು ಬಾಗಿಲ ತನಕ ಹೋದಳು. ಅಲ್ಲಿ ತಿರುಗಿ ನಿಂತು, “ಎಡಕಿನ ಬುಟ್ಟಿಗ್ರಿ,” ಎಂದಳು.

ಸರಿಯಾದ ಉತ್ತರ. ನನಗೂ ಗೊತ್ತಿತ್ತು, ನಕ್ಕವರಿಗೂ ಗೊತ್ತಿತ್ತು.

“ಗಾಡಿ ಹೋತು,” ಎಂದೆ.

ಕ್ಷಮೆ ಕೇಳಲು ಆಕೆಯ ಮನೆಗೆ ನಾನು ಎಂದೂ ಹೋಗಲಿಲ್ಲ. ಈ ನಾಲಿಗೆಯಿಂದ ಇನ್ನು ಆಕೆಯ ಹೆಸರನ್ನೂ ಎತ್ತುವುದಿಲ್ಲ.