ಹಿಂದಿನ ಸೀಟಿನ ಬೆಲ್ಟ್

ಅಕ್ಕಾ, ಆ ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಇತ್ತು. ಇಲ್ಲ ಎಂದು ನಾನು ಹೇಳಿದ್ದು ಸುಳ್ಳು.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ಅಭ್ಯಾಸವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ — ಬಾಯಿ ಇತ್ತಲ್ಲ, ಅದಕ್ಕೇನಾಗಿತ್ತು?

ಗೋರ್ವಾದ ನಮ್ಮ ಹೋಟೆಲಿಗೆ ಭಾವ ಆ ಹಳೆಯ ಕಾರು ತಂದ ದಿನ ನಿನಗೆ ನೆನಪಿರಬಹುದು. ಪೆಟ್ರೋಲಿನಲ್ಲೂ ಓಡುತ್ತಿತ್ತು, ಗ್ಯಾಸಿನಲ್ಲೂ ಓಡುತ್ತಿತ್ತು. ಡಿಕ್ಕಿಯಲ್ಲಿದ್ದ ದೊಡ್ಡ ಸಿಲಿಂಡರ್ ಕಂಡು ನೀನು ಮೆಟ್ಟಿಲು ಇಳಿಯಲೇ ಇಲ್ಲ.

"ಬಾಂಬಿನ ಮೇಲೆ ಕೂತು ಅಹಮದಾಬಾದಿಗೆ ಹೋಗುವುದಾ ಮಾರಾಯಾ? ಬೇಕಾದ್ರೆ ನಿನ್ನ ಭಾವನನ್ನು ಕೂರಿಸು. ನಾನು ರೈಲಿನಲ್ಲಿ ಬರ್ತೇನೆ."

ಭಾವ ನಕ್ಕು ನನ್ನ ಕಡೆ ತಿರುಗಿದರು. "ಓಡಿಸುವವನು ನೀನು, ನೀನೇ ನೋಡಿ ಹೇಳು. ನೀನು ಸರಿ ಅಂದ್ರೆ ಅವಳು ಹತ್ತುತ್ತಾಳೆ."

ನೋಡಿದೆ. ಸೋಪಿನ ನೀರು ಕಲಸಿ ಗ್ಯಾಸ್ ಪೈಪಿನ ಒಂದೊಂದು ಜೋಡಣೆಗೂ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಾದೆ. ಬ್ರೇಕ್ ನೋಡಿದೆ, ಟಯರ್ ನೋಡಿದೆ. ಓದಿಲ್ಲದವನ ಮಾತಿಗೆ ಮನೆಯವರೆಲ್ಲ ಕಾಯುತ್ತಿದ್ದರು — ಆ ಹೆಮ್ಮೆ ಈಗಲೂ ನೆನಪಿದೆ, ನೆನೆದರೆ ನಾಚಿಕೆಯಾಗುತ್ತದೆ. "ಏನೂ ಹೆದರಿಕೆ ಇಲ್ಲ ಅಕ್ಕ, ಗ್ಯಾರಂಟಿ" ಎಂದೆ. ನೀನು ಹತ್ತಿದೆ.

ಸಿಲಿಂಡರಿನಿಂದಾಗಿ ಡಿಕ್ಕಿಯಲ್ಲಿ ಜಾಗವಿರಲಿಲ್ಲ. ಅಹಮದಾಬಾದಿನ ವಸ್ತ್ರಾಪುರದ ಆರ್ಡರಿಗೆ ಹೋಗುವ ಹಿಟ್ಟಿನ ಪಾತ್ರೆಗಳನ್ನು ಹಿಂದಿನ ಸೀಟಿನಲ್ಲೇ ಇಡಬೇಕಿತ್ತು. ಬೆಲ್ಟ್ ಸಿಕ್ಕಿಸುವ ಕೊಂಡಿಗಳು ಮೇಲೆದ್ದು ಪಾತ್ರೆ ವಾಲಿ ಹಿಟ್ಟು ಚೆಲ್ಲುತ್ತಿತ್ತು. ಹೊಸ ಸೀಟ್ ಕವರ್ ಹಾಕಿಸುವಾಗ, ಬೆಲ್ಟ್ ಕೊಂಡಿ ಎಲ್ಲವನ್ನೂ ಒಳಗೆ ತಳ್ಳಿ ಮೇಲೆ ಹೊಲಿದುಬಿಡು ಎಂದೆ. ಅಂಗಡಿಯವನು ಒಮ್ಮೆ ಕೇಳಿದ, ಹಿಂದೆ ಬೆಲ್ಟ್ ಬೇಡವೇ ಎಂದು. ಹಿಂದೆ ಕೂರುವುದು ದೋಸೆ ಹಿಟ್ಟು, ಅದಕ್ಕೆಂಥ ಬೆಲ್ಟ್ ಎಂದೆ. ಇಬ್ಬರೂ ನಕ್ಕೆವು.

ಅಹಮದಾಬಾದಿನದೇ ಬೋಪಾಲ್ ಬಡಾವಣೆಯಲ್ಲಿದ್ದ ನಾಮಕರಣಕ್ಕೆ ಹೊರಟ ಬೆಳಿಗ್ಗೆ ಹಿಂದೆ ಹಿಟ್ಟು ಇರಲಿಲ್ಲ. ನೀನಿದ್ದೆ, ನಿನ್ನ ಮಗಳು ವರ್ಷಾ ಇದ್ದಳು. ಆಗಿನ್ನೂ ಮೂರನೆಯ ಕ್ಲಾಸು.

"ಮಾಮಾ, ಮೇರಾ ಬೆಲ್ಟ್ ಕಹಾಂ ಹೈ? ಟೀಚರ್ ಹಾಕ್ಬೇಕು ಹೇಳಿದ್ರು."

ನೀನೂ ಕೇಳಿದೆ, "ಇಲ್ವಾ?"

ತೆಗೆಯಬೇಕಾದರೆ ಹೊಸ ಕವರಿನ ಹೊಲಿಗೆ ಬಿಚ್ಚಬೇಕಿತ್ತು. ಅಷ್ಟೇ. ಒಂದು ಬ್ಲೇಡಿನ ಕೆಲಸ. "ಈ ಗಾಡಿಗೆ ಹಿಂದೆ ಬೆಲ್ಟ್ ಬಂದೇ ಇಲ್ಲ ಅಕ್ಕ. ನೀನು ಅವಳನ್ನು ಹಿಡ್ಕೊ" ಎಂದೆ. ಹಾಗೆ ಹೇಳಿ — ನನ್ನ ಬೆಲ್ಟನ್ನು ನಾನು ಹಾಕಿಕೊಂಡೆ.

ಡಿವೈಡರಿನ ಸಂದಿಯಿಂದ ಟ್ರಾಕ್ಟರ್ ಒಂದು ಅಡ್ಡ ಬಂತು, ಕಾರು ಅದಕ್ಕೆ ಗುದ್ದಿತು. ಗ್ಯಾಸಿಗೆ ಏನೂ ಆಗಲಿಲ್ಲ. ವರ್ಷಾ ಮುಂದಿನ ಎರಡು ಸೀಟುಗಳ ನಡುವೆ ಹಾರಿ ಬಂದಳು. ಅವಳ ಎಡಗಣ್ಣಿನ ದೃಷ್ಟಿ ಮರಳಲಿಲ್ಲ.

ಆಸ್ಪತ್ರೆಯಲ್ಲಿ ಭಾವ ನಿನಗೆ ಹೇಳಿದ ಮಾತು — "ಒಂದು ಮಗುವನ್ನು ಹಿಡ್ಕೊಳ್ಳಲಿಕ್ಕೆ ಆಗ್ಲಿಲ್ವಾ ನಿನಗೆ?" ನೀನು ನಿನ್ನ ಅಂಗೈಯನ್ನೇ ನೋಡುತ್ತ ಕೂತೆ. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಸಾಕಿತ್ತು.

ಯಾರಾದರೂ ಸೀಟ್ ಕವರ್ ಎತ್ತಿಯಾರು ಎಂದು ಹೆದರಿ, ಕಾರನ್ನು ಗುಜರಿಗೆ ಹಾಕುವಂತೆ ಭಾವನಿಗೆ ದುಂಬಾಲು ಬಿದ್ದೆ. ಅದನ್ನು ನೋಡಲಾರದೆ ಹಾಗೆ ಮಾಡಿದೆ ಎಂದು ನೀವೆಲ್ಲ ತಿಳಿದಿರಿ. ನೀನು ನನ್ನನ್ನೇ ಸಮಾಧಾನ ಮಾಡಿದೆ: "ನಿನ್ನ ತಪ್ಪೆಂಥದ್ದು? ಕೈ ಬಿಟ್ಟದ್ದು ನಾನು." ಆ ಸಮಾಧಾನವನ್ನೂ ನಾನು ಸುಮ್ಮನೆ ತೆಗೆದುಕೊಂಡೆ.

ಮೊನ್ನೆ ರಿಕ್ಷಾದವನು ಗಕ್ಕನೆ ನಿಲ್ಲಿಸಿದಾಗ ನಿನ್ನ ಬಲಗೈ ತಾನಾಗಿ ಚಾಚಿ ನನ್ನ ಎದೆಗೆ ಅಡ್ಡ ಬಂತು. ಪಕ್ಕದಲ್ಲಿ ಯಾರೇ ಇರಲಿ, ಆ ಕೈ ಹಾಗೆ ಬರುತ್ತದೆ. ನಿನಗೆ ಗೊತ್ತೇ ಆಗುವುದಿಲ್ಲ. ಅದೇ ಕೈ, ಅಕ್ಕಾ. ಅದು ನನ್ನನ್ನೂ ಕಾಯಲು ಬಂದಿತ್ತು.

ವರ್ಷಾಳಿಗೆ ಕನ್ನಡ ಓದಲು ಬರುವುದಿಲ್ಲ. ಬರೆಯಲು ಕೂತಾಗ ಅದೊಂದು ಧೈರ್ಯವಾಗಿತ್ತು — ಅದನ್ನೂ ಒಪ್ಪಿಕೊಳ್ಳುತ್ತೇನೆ. ಭಾನುವಾರ ಬರುತ್ತೇನೆ. ಭಾವನ ಎದುರು, ಅವಳಿಗೆ ತಿಳಿಯುವ ಹಿಂದಿಯಲ್ಲಿ, ಎಲ್ಲವನ್ನೂ ಹೇಳುತ್ತೇನೆ. ಹೇಳಿ ಮುಗಿಯುವವರೆಗೆ ನನಗೆ ಕಾಫಿ ಕೊಡಬೇಡ. ಆಮೇಲೆ ಕೊಡುವುದೂ ಬಿಡುವುದೂ ನಿಮಗೆ ಸೇರಿದ್ದು.

ಆ ವೇಗಕ್ಕೆ ಯಾವ ತಾಯಿಯ ಕೈಯೂ ಸಾಲದು. ಹಿಡಿಯಬೇಕಾದದ್ದು ಬೆಲ್ಟ್. ಅದು ನೀವಿಬ್ಬರೂ ಕೂತ ಸೀಟಿನ ಅಡಿಯಲ್ಲೇ ಇತ್ತು. ಅದರ ಮೇಲೆ ಹೊಲಿಗೆ ಹಾಕಿಸಿದವನು ನಾನು.