ಗುಲ್ಷನ್‌ಬೀ ತೊಳೆದ ವಾಚಿನ ಚೈನು

"ಇದು ನಮ್ಮಪ್ಪನ ಚೈನ್ ಅಲ್ಲ!"

ಮಸ್ಕಿಯ ಸಂತೆಯ ದಿನ, ಬಸ್‌ಸ್ಟ್ಯಾಂಡಿನ ಎದುರು, ನಾಲ್ಕೂರಿನ ಜನ ನೆರೆದ ಹೊತ್ತಿನಲ್ಲೇ ಶರಣಬಸವ ಹೀಗೆ ಕೂಗಿದ. ತುರ್ವಿಹಾಳದ ಈ ತರುಣ ರೈತ, ತೀರಿಹೋದ ತಂದೆಯ ವಾಚು ನಿಂತಿದೆಯೆಂದು ಹಿಂದಿನ ಸಂತೆಯಲ್ಲಿ ಗುಲ್ಷನ್‌ಬೀಯ ಡಬ್ಬಾ ಅಂಗಡಿಯಲ್ಲಿ ಕೊಟ್ಟುಹೋಗಿದ್ದ. ಈಗ ವಾಚೇನೋ ನಡೆಯುತ್ತಿತ್ತು. ಆದರೆ ಸ್ಟೀಲಿನ ಚೈನು ಮಣಿಕಟ್ಟಿನಲ್ಲಿ ನಿಲ್ಲದೆ ಜಾರಿ ಜಾರಿ ಅಂಗೈಗೆ ಬರುತ್ತಿತ್ತು.

"ಕೊಟ್ಟಾಗ ಗಟ್ಟಿ ಕೂತಿತ್ತು. ಎಂಟು ದಿನದಾಗ ಸ್ಟೀಲ್ ಬೆಳೀತೈತೇನ್ ಬೀಬಿ? ಅಸಲಿದು ತಗದು ಯಾವುದೋ ಹಳೇದು ಜೋಡಿಸಿ ಕೊಟ್ಟಿ!"

ಗುಲ್ಷನ್‌ಬೀಯ ಕೈಯಲ್ಲಿದ್ದ ಚಿಮಟ ಅಲ್ಲೇ ನಿಂತಿತು.

ಈ ಹೆಣ್ಣುಮಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ವಾಚು ರಿಪೇರಿ ಅವಳ ಗಂಡ ಅಮೀನ್‌ಸಾಬನ ಕಸುಬು. ಅವನ ಕಣ್ಣು ಮಂಜಾದಾಗ ಇವಳು ಭೂತಗನ್ನಡಿ ಏರಿಸಿಕೊಂಡು ಪಕ್ಕದಲ್ಲಿ ಕೂತಳು. ಒಳಗೆ ಏನು ಕಾಣುತ್ತದೆಂದು ಇವಳು ಹೇಳುವುದು, ಏನು ಮಾಡಬೇಕೆಂದು ಅವನು ಹೇಳುವುದು. ಹಾಗೇ ಆರು ವರ್ಷ ನಡೆಯಿತು. ಅವನು ತೀರಿಹೋದ ಮೇಲೆ, ಹೆಂಗಸು ವಾಚು ಬಿಚ್ಚುತ್ತಾಳಂತೆ ಎಂದು ನಗಾಡಿದ ಊರೇ ಅವಳ ಮುಂದೆ ಮುಂಗೈ ಚಾಚಿತು. ಅಲ್ಲಿ ಚೀಟಿ ಇಲ್ಲ, ರಸೀದಿ ಇಲ್ಲ. ಹೆಸರು ಹೇಳಿ ಬಿಟ್ಟುಹೋಗುವುದು, ಮುಂದಿನ ಸಂತೆಗೆ ಬಂದು ಒಯ್ಯುವುದು. ಅಂಥ ಅಂಗಡಿಗೆ 'ಮಾಲು ಬದಲಿ ಮಾಡುತ್ತಾಳೆ' ಎಂಬ ಮಾತು ಅಂಟಿಕೊಂಡರೆ ಬಾಗಿಲು ಹಾಕಿದಂತೆಯೇ. ಸಂಜೆಯೊಳಗೆ ಆ ಮಾತು ಬಸ್ಸು ಹತ್ತಿ ಹತ್ತೂರು ಮುಟ್ಟುತ್ತಿತ್ತು.

ಅವಳು ವಾಚು ಇಸಿದುಕೊಂಡು ಚೈನಿನಿಂದ ಒಂದು ಪಿನ್ನು ಒತ್ತಿ ತೆಗೆದಳು. ನಡುವೆ ಸವೆದು ಸಣ್ಣಗಾಗಿತ್ತು.

"ನೋಡಪಾ, ಕೊಂಡಿ ಕೊಂಡಿಗೂ ಇಂಥದೊಂದು ಇರತೈತಿ. ಕೈ ಆಡಿದಂಗೆಲ್ಲ ತಿಕ್ಕತೈತಿ. ಪಿನ್ ಸವೀತೈತಿ, ತೂತು ಅಗಲ ಆಗತೈತಿ. ಒಂದೊಂದರಾಗ ಕೂದಲೆಳಿಯಷ್ಟು ಅಂದ್ರೂ ಇಪ್ಪತ್ತು ಕೊಂಡಿ ಸೇರಿದ್ರ ಚೈನ್ ಉದ್ದ ಆಗತೈತಿ."

"ಅಂದ್ರ ಇದು ಸವದ ಚೈನ್ ಅಂತ ನೀನ ಒಪ್ಪಿದಿ! ನಂದು ಹಿಂಗ ಜೋತಾಡ್ತಿರಲಿಲ್ಲ."

ಗುಂಪಿನಲ್ಲಿ ಯಾರೋ "ಹೌದಲ್ಲ" ಎಂದರು. ಗುಲ್ಷನ್‌ಬೀಗೆ ನಿಜವಾಗಿಯೂ ಭಯವಾಯಿತು. ತನ್ನ ಮಾತೇ ತನಗೆ ಉರುಳಾಗಿತ್ತು. ಹುಡುಗ ಸುಳ್ಳು ಹೇಳುವವನಂತೆ ಕಾಣಲಿಲ್ಲ. ಅದು ಇನ್ನೂ ದೊಡ್ಡ ಕಷ್ಟ. ಕೊಟ್ಟಾಗ ಚೈನು ಬಿಗಿಯಾಗಿದ್ದದ್ದು ಅವಳಿಗೂ ನೆನಪಿತ್ತು. ಹಾಗಾದರೆ ನಡುವೆ ಆದದ್ದೇನು?

ಆಗ ಹೊಳೆಯಿತು. ತೊಳೆದಿದ್ದಳು! ಯಾರೂ ಹೇಳಿರಲಿಲ್ಲ. ಪಾಪ, ತಂದೆಯ ನೆನಪಿಗೆ ಕಟ್ಟಿಕೊಳ್ಳುತ್ತಾನೆ, ಫಳಫಳ ಆಗಲಿ ಎಂದು ಪೆಟ್ರೋಲಿನಲ್ಲಿ ನೆನೆಸಿ ಬ್ರಷ್ಷಿನಿಂದ ತಿಕ್ಕಿದ್ದಳು. ಗದ್ದೆಯ ಕೆಸರು, ಭತ್ತದ ಧೂಳು, ಬೆವರು ಸೇರಿ ಗಟ್ಟಿಯಾದ ಕೊಳೆಯೇ ಸವೆದ ತೂತುಗಳನ್ನು ತುಂಬಿ ಚೈನನ್ನು ಬಿಗಿ ಹಿಡಿದಿತ್ತು.

ಅದನ್ನು ಹೇಳಿದಳು. ಜನ ನಂಬದೆ ನಕ್ಕರು.

"ಯಾರದಾರ ಹಳೇ ಚೈನ್ ಇದ್ರ ಕೊಡ್ರಿ," ಎಂದಳು ಸಿಟ್ಟಿನಿಂದ. "ನಿಮ್ಮ ಕಣ್ಮುಂದ ತೊಳೀತೀನಿ. ಸಡಿಲ ಆಗಲಿಲ್ಲಂದ್ರ ಇವತ್ತ ಅಂಗಡಿ ಮುಚ್ಚತೀನಿ."

ಯಾರೂ ಮುಂದೆ ಬರಲಿಲ್ಲ. ಕೊನೆಗೆ ಗೊರೇಬಾಳದ ಮುದುಕ ಅಮರಗುಂಡಪ್ಪ, ನಾಟಿಗೂ ಕೊಯ್ಲಿಗೂ ವಾಚು ಬಿಚ್ಚದ ಆಸಾಮಿ, ಕೈ ನೀಡಿದ.

"ತಗೋ ತಂಗಿ. ಮದುವಿ ವಾಚಿದು. ಹಾಳಗೀಳ ಮಾಡೀ ಮತ್ತ."

ಅವಳು ಆ ಚೈನನ್ನು ಬಿಚ್ಚಿ, ಒಂದು ತುದಿ ಹಿಡಿದು, ಕೊಂಡಿಗಳ ಅಂಚು ಮೇಲಾಗುವಂತೆ ಅಡ್ಡಲಾಗಿ ಎತ್ತಿ ತೋರಿಸಿದಳು. ಕಡ್ಡಿಯ ಹಾಗೆ ನೆಟ್ಟಗೆ ನಿಂತಿತು. ಪೆಟ್ರೋಲಿನ ಬಟ್ಟಲಿಗೆ ಹಾಕಿ ತಿಕ್ಕಿದಳು. ಎತ್ತಿ ಹಿಡಿದರೆ ಇನ್ನೂ ನೆಟ್ಟಗೇ ಇತ್ತು. ಗುಂಪಿನಲ್ಲಿ ಗುಜುಗುಜು ಎದ್ದಿತು. ಶರಣಬಸವ ಕೈ ಕಟ್ಟಿ ನಿಂತಿದ್ದ. ಅವಳು ಮತ್ತೆ ನೆನೆಹಾಕಿದಳು. ಸೂಜಿ ಹಿಡಿದು ಒಂದೊಂದೇ ಸಂದಿ ಕೆದಕಿದಳು. ಬಟ್ಟಲು ಮಸಿಯಾಯಿತು. ಒರೆಸಿ ಎತ್ತಿದಾಗ ಚೈನು ಬಿಲ್ಲಿನಂತೆ ಬಾಗಿ ಜೋತುಬಿತ್ತು. ವಾಚಿಗೆ ಮತ್ತೆ ಜೋಡಿಸಿಕೊಟ್ಟಳು. ಅಮರಗುಂಡಪ್ಪ ಕಟ್ಟಿಕೊಂಡು ಕೈ ಇಳಿಬಿಟ್ಟರೆ ವಾಚು ಸೀದಾ ಅಂಗೈಗೆ ಬಂತು.

"ಏ, ನಂದೂ ಬೆಳೀತಲೇ!"

ಜನ ಹೋ ಎಂದು ನಕ್ಕರು.

ಶರಣಬಸವ ಮಾತ್ರ ನಗಲಿಲ್ಲ. ಬಗ್ಗಿ ಬಟ್ಟಲಿನ ಕಪ್ಪು ನೋಡುತ್ತಿದ್ದ. ಅವನ ದನಿ ಇಳಿದುಹೋಗಿತ್ತು.

"ನನ್ನ ಚೈನಿನ ಕೊಳಿ ಎಲ್ಲಿ ಚೆಲ್ಲಿದಿ ಯವ್ವಾ?"

"ಗಟಾರಕ್ಕ."

"ಮೂಗಿಗೆ ಹಿಡದ್ರ ಅಪ್ಪನ ವಾಸನಿ ಬರತಿತ್ತು. ಈಗ ಬರೇ ಪೆಟ್ರೋಲ್ ನಾರತೈತಿ. ಅದಕ್ಕ ನಂದಲ್ಲ ಅಂದೆ."

ನಗು ನಿಂತಿತು. ಗೆದ್ದವಳು ಗುಲ್ಷನ್‌ಬೀ; ಸುಮ್ಮನಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಸ್ಟೂಲಿನಿಂದ ಎದ್ದು ನಿಂತಳು.

"ನಾ ಬದಲಿ ಮಾಡಿಲ್ಲಪಾ," ಎಂದಳು, ಗುಂಪಿಗೆಲ್ಲ ಕೇಳುವಂತೆ. "ಆದ್ರ ನಿನ್ನ ಕೇಳದ ತೊಳದೆ. ಅದು ನಂದ ತಪ್ಪು."

ಅವನು ತಲೆಯಾಡಿಸಿದ. ಅವಳು ಪಿನ್ನು ಮತ್ತೆ ಕೂರಿಸಿಕೊಟ್ಟ ವಾಚನ್ನು ಕೈಗೆ ಕಟ್ಟದೆ, ಜೇಬಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದ.